ಗೋಡೆಗೆ ಮುಖ ಮಾಡಿದ ಚಿತ್ರ

ಮಾಲವಿಕಾ ಟೀಚರ್ ಬಸವೇಶ್ವರನಗರದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದರೂ ನಿಯಮ ಮಾಡುವ ಚಾಳಿ ಬಿಡಬೇಕಲ್ಲ! ಗದರಿಸಲು ಉಳಿದಿದ್ದವರು ಸಂಪತ್ ಒಬ್ಬರೇ.

ಸಂಪತ್ ಹೇರೋಹಳ್ಳಿಯವರು, ಅಂಗಡಿ ಬೋರ್ಡು ಬರೆಯುವವರು. ಭಾನುವಾರ ಬಂತೆಂದರೆ ಇಬ್ಬರೂ ಮಡಚುವ ಸ್ಟೂಲು ಹೊತ್ತು ಹೊರಡುತ್ತಿದ್ದರು. ಕೆಂಗೇರಿ ಸ್ಟೇಷನ್ನಿನ ಕಲ್ಲುಬೆಂಚು, ಮುಚ್ಚಿದ ಇಸ್ತ್ರಿ ಅಂಗಡಿ, ಯಾರದೋ ಮನೆಯ ನೀರಿನ ಸಂಪು, ಇಂಥವನ್ನೇ ಆಯಿಲ್ ಬಣ್ಣದಲ್ಲಿ ಬರೆಯುವುದು. ಜಗತ್ತಿನಲ್ಲಿ ಬೇರೆ ಏನೂ ಸಿಗಲಿಲ್ಲವೇ ಇವರಿಗೆ ಎಂದು ಜನ ನಗುತ್ತಿದ್ದರು. ನಗಲಿ ಬಿಡಿ. ಬರೆದದ್ದು ಒಣಗುತ್ತಿದ್ದುದು ವಿಜಯನಗರದಲ್ಲಿ, ಟೀಚರ ಮನೆಯ ತಾರಸಿ ರೂಮಿನಲ್ಲಿ. ಒಂದೊಂದು ಬೀಗದ ಕೈ ಇಬ್ಬರ ಹತ್ತಿರವೂ ಇತ್ತು. ಮದುವೆ ಮಕ್ಕಳು ಎಂದು ಯಾವುದೂ ಇಲ್ಲದ ಟೀಚರಿಗೆ ವಾರವೆಂದರೆ ಆ ಒಂದು ದಿನ. ಮಿಕ್ಕ ಆರು ದಿನ ಅದಕ್ಕಾಗಿ ಕಾಯುವುದು.

ಆ ರೂಮಿಗೂ ಟೀಚರ್ ಒಂದು ನಿಯಮ ಮಾಡಿದ್ದರು. ಬರೆದದ್ದು ಕೆಟ್ಟಿತು ಎನಿಸಿದರೆ ಕ್ಯಾನ್ವಾಸನ್ನು ಗೋಡೆಗೆ ಮುಖ ಮಾಡಿ ಇಡಬೇಕು. ಅಂಥದ್ದನ್ನು ಇನ್ನೊಬ್ಬರು ಎತ್ತಿಕೊಂಡು, ಬಿಳಿ ಬಳಿದು, ಮೇಲೆ ತಮ್ಮ ಚಿತ್ರ ಬರೆಯಬಹುದು. ಅದೇನಾಗಿತ್ತು, ಯಾಕೆ ಬಿಟ್ಟಿರಿ ಎಂದು ಮಾತ್ರ ಕೇಳಕೂಡದು. ಕೆಟ್ಟ ಚಿತ್ರದ ಬಗ್ಗೆ ಕೇಳಿದರೆ ಬರೆದವರಿಗೆ ನೋವಾಗುತ್ತದೆ ಎಂದು ಟೀಚರ ವಾದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ನಿಯಮ, ಅದೇ ಹೊಟ್ಟೆ ಉರಿಸುವ ವಿಷಯ.

ಹೋದ ವರ್ಷ ಸಂಪತ್ ಅವರ ಹೆಂಡತಿ ಶಿವಕ್ಕ ತೀರಿಕೊಂಡರು. ಹೇರೋಹಳ್ಳಿಯಲ್ಲಿ ಪುಟ್ಟ ಅಂಗಡಿಯಿಟ್ಟು ರವಿಕೆ ಹೊಲಿಯುತ್ತಿದ್ದ ಹೆಂಗಸು. ಎಂಟು ತಿಂಗಳು ಸಂಪತ್ ಬ್ರಷ್ ಮುಟ್ಟಲಿಲ್ಲ. ಆಮೇಲೊಮ್ಮೆ ಟೀಚರ್ ಮೈಸೂರಿನ ತಂಗಿಯ ಮನೆಯಲ್ಲಿ ಒಂದು ತಿಂಗಳಿದ್ದು ಬಂದು ನೋಡಿದರೆ, ರೂಮಿನಲ್ಲಿ ಹೊಸ ಕ್ಯಾನ್ವಾಸೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ಟೀಚರಿಗೆ ಎಷ್ಟು ಖುಷಿ! ಕೆಟ್ಟರೆ ಕೆಟ್ಟಿತು, ಮತ್ತೆ ಕುಂಚ ಹಿಡಿದರಲ್ಲ. ತಿರುಗಿಸಿ ನೋಡಿದರು: ಕೆಳಗಡೆ ಒಂದು ಕಪ್ಪು ಉಂಡೆ, ಆಚೆ ಒಂದು ಗುಂಡಿಬಿದ್ದ ರಸ್ತೆ. ಪಾಪ, ಕೈ ತಪ್ಪಿಹೋಗಿದೆ ಎಂದುಕೊಂಡು ಉಬ್ಬಿದ ಬಣ್ಣವನ್ನು ಚಾಕುವಿನಿಂದ ಅರೆಬರೆ ಹೆರೆದು, ಬಿಳಿ ಬಳಿದು, ಅದರ ಮೇಲೆ ಅತ್ತಿಗುಪ್ಪೆ ಮೆಟ್ರೋ ಕೆಳಗಿನ ಎಳನೀರು ಗಾಡಿಯನ್ನು ಬರೆದರು. ಚೆನ್ನಾಗಿಯೇ ಬಂತು. ಮುಂದಿನ ಭಾನುವಾರ ಸಂಪತ್ ಮತ್ತೆ ಬರೆಯಲು ಬಂದರು. ಟೀಚರ್ ನಿಯಮದಂತೆ ಏನೂ ಕೇಳಲಿಲ್ಲ.

ಈ ಜನವರಿಯಲ್ಲಿ ರಾಜಾಜಿನಗರದ ಸಣ್ಣ ಹಾಲೊಂದರಲ್ಲಿ ಇಬ್ಬರ ಪ್ರದರ್ಶನ ಗೊತ್ತಾಯಿತು, ಎರಡು ದಿನ. ಶನಿವಾರ ಬೆಳಿಗ್ಗೆ ಚಿತ್ರಗಳನ್ನೆಲ್ಲ ತೂಗುಹಾಕಿದ ಮೇಲೆ, ಹಾಲ್ ನೋಡಿಕೊಳ್ಳುವ ಪದ್ಮನಾಭ ಕೇಳಿದರು, "ಸಾರ್, ಮಧ್ಯದಲ್ಲಿ ಒಂದು ಮೊಳೆ ಖಾಲಿ ಇದೆಯಲ್ಲ?"

"ಅದಕ್ಕೊಂದು ಇಟ್ಟಿದೀನಿ," ಎಂದು ಸಂಪತ್ ಟೀಚರ ಕಡೆ ತಿರುಗಿದರು. "ರೂಮಿಂದ ಎಲ್ಲಾ ತಂದ್ರಲ್ಲ ಟೀಚರ್, ಗೋಡೆ ಕಡೆ ಮುಖ ಮಾಡಿ ಇಟ್ಟಿದ್ದೆ ನೋಡಿ, ಅದೆಲ್ಲಿ?"

ಟೀಚರ್ ಕೇಳಿದರು, "ಯಾವುದು?"

"ನಮ್ ಶಿವಕ್ಕಂದು. ಮಿಷನ್ ಮುಂದೆ ಕೂತ್ರೆ ಅವಳಿಗೆ ರಸ್ತೆ ಹೆಂಗ್ ಕಾಣ್ತಿತ್ತೋ ಹಂಗೇ ಬರ್ದಿದ್ದೆ. ಕೆಳಗಡೆ ಮಿಷನ್ ತಲೆ, ಆಚೆ ರಸ್ತೆ. ಆ ಅಂಗಡಿ ಈಗೆಲ್ಲಿದೆ, ಒಡೆದಾಕಿದ್ರು. ಮನೇಲಿಟ್ಕೊಂಡ್ರೆ ಅನ್ನ ಇಳೀತಿರಲಿಲ್ಲ. ನೋಡಕ್ಕಾಗದೆ ರೂಮಲ್ಲಿ ಆ ಕಡೆ ತಿರುಗ್ಸಿ ಇಟ್ಟೆ, ಆಮೇಲೆ ಆ ಮೂಲೆ ಕಡೆ ಕಣ್ಣೂ ಹಾಕ್ಲಿಲ್ಲ. ಇವತ್ತು ಧೈರ್ಯ ಬಂದಿದೆ."

ಕಳೆದುಹೋಯಿತು ಎಂದುಬಿಟ್ಟರೆ? ಬಾಯಿಯವರೆಗೂ ಬಂದಿತ್ತು ಆ ಮಾತು. ಅಂದಿದ್ದರೆ ಸಂಪತ್ ನಂಬುತ್ತಿದ್ದರು, ಭಾನುವಾರಗಳೂ ಉಳಿಯುತ್ತಿದ್ದವು. ಆದರೆ ಆ ಮನುಷ್ಯನ ಮುಖ ನೋಡಿಕೊಂಡು ಸುಳ್ಳು ಹೇಳಲು ಟೀಚರಿಂದ ಆಗಲಿಲ್ಲ. ಎದುರು ಗೋಡೆಯ ಎಳನೀರು ಗಾಡಿಯನ್ನು ಕೈಮಾಡಿ ತೋರಿಸಿದರು.

"ಅದರ ಕೆಳಗಿದೆ ಸಂಪತ್. ನೀವು ಬಿಟ್ಟಿದ್ದು ಅಂದ್ಕೊಂಡೆ."

ಸಂಪತ್ ಚಿತ್ರದ ಬಳಿಗೆ ಹೋದರು. ಪದ್ಮನಾಭರಿಂದ ಟಾರ್ಚು ಇಸಿದುಕೊಂಡು ಪಕ್ಕದಿಂದ ಬೆಳಕು ಬಿಟ್ಟರು. ಎಳನೀರಿನ ಹಸಿರಿನೊಳಗಿಂದ ಬೇರೆಯದೊಂದು ಏರು ತಗ್ಗು ಎದ್ದಿತು. ಮಿಷನ್ನಿನ ಬಾಗಿದ ಬೆನ್ನು. ಅದರ ಮೇಲೆ ಬೆರಳಿಟ್ಟು ನಿಂತುಬಿಟ್ಟರು.

"ಕೆರೆದು ತೆಗಿತೀನಿ," ಎಂದರು ಟೀಚರ್. "ಟರ್ಪೆಂಟೈನ್ ಹಾಕಿ ನಿಧಾನಕ್ಕೆ, ನನ್ನದಷ್ಟೇ..."

"ಬೇಡಿ ಟೀಚರ್. ಕೆರೆದ್ರೆ ಅವಳೂ ಕಿತ್ಕೊಂಡ್ ಬಂದ್ಬಿಡ್ತಾಳೆ."

ಟೀಚರಿಗೆ ಅಳು ಒತ್ತರಿಸಿಕೊಂಡು ಬಂತು, ಜೊತೆಗೆ ಹಾಳು ಸಿಟ್ಟೂ ಬಂತು. "ಊರಿಗೆಲ್ಲ ಬೋರ್ಡು ಬರೀತೀರಲ್ರೀ! ಹಿಂದುಗಡೆ ಅವರ ಹೆಸರೊಂದು ಬರೆದಿಡಬಾರದಿತ್ತಾ?"

"ಕೈ ಬರ್ಲಿಲ್ಲ ಟೀಚರ್," ಎಂದರು ಸಂಪತ್.

ಎರಡು ದಿನವೂ ಬಂದವರೆಲ್ಲ ಆ ಎಳನೀರು ಗಾಡಿಯ ಮುಂದೆಯೇ ನಿಂತರು. "ಏನ್ ಜೀವ ಇದೆ ಮೇಡಂ ಇದ್ರಲ್ಲಿ!" ಎಂದರು. ಟೀಚರ್ ಒಬ್ಬೊಬ್ಬರಿಗೂ ಥ್ಯಾಂಕ್ಸ್ ಹೇಳಬೇಕಾಯಿತು. ಸಂಪತ್ ಖಾಲಿ ಮೊಳೆಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

ಭಾನುವಾರ ಸಂಜೆ ಅವರು ಆ ಚಿತ್ರವನ್ನು ಇಳಿಸಿ, ಮನೆಯಿಂದ ತಂದಿದ್ದ ಹಳೇ ಸೀರೆಯಲ್ಲಿ ಸುತ್ತಿದರು. "ಇದನ್ನ ನಾನು ತಗೊಂಡೋಗ್ಲಾ?"

"ನಿಮ್ಮದೇ ಅದು."

ಸಂಪತ್ ಜೇಬಿನಿಂದ ತಾರಸಿ ರೂಮಿನ ಬೀಗದ ಕೈ ತೆಗೆದು ಟೀಚರ ಅಂಗೈಯಲ್ಲಿಟ್ಟರು. "ಕೋಪ ಅಲ್ಲ ಟೀಚರ್, ದೇವರಾಣೆ. ಆ ರೂಮಲ್ಲಿ ಇನ್ನು ನನಗೆ ಬ್ರಷ್ ಏಳಲ್ಲ."

ಕೋಪ ಮಾಡಿಕೊಂಡು ನಾಲ್ಕು ಮಾತು ಬೈದಿದ್ದರೆ ಟೀಚರ್ ಹೇಗೋ ತಡೆದುಕೊಳ್ಳುತ್ತಿದ್ದರು.

ಮುಂದಿನ ಭಾನುವಾರ ಟೀಚರ್ ಅಭ್ಯಾಸಬಲದಿಂದ ಎರಡೂ ಸ್ಟೂಲು ಹೊತ್ತು ಮೆಟ್ಟಿಲಿಳಿದರು. ಗೇಟಿಗೆ ಬಂದ ಮೇಲೆ ನೆನಪಾಯಿತು. ಒಂದನ್ನು ಮೇಲಿಟ್ಟು ಬರೋಣವೆಂದು ಹತ್ತಿಹೋದವರು ಆ ದಿನ ಮತ್ತೆ ಕೆಳಗಿಳಿಯಲಿಲ್ಲ.