ಕೆಮ್ಮಣ್ಣಿನ ಹಿರಿಯರು

ರೈಟರ್ ಕುಶಾಲಪ್ಪ ಚಟ್ಟದ ಹಿಂದಿನ ಮೂಲೆಗೆ ಹೆಗಲು ಕೊಟ್ಟಾಗ ಹೊತ್ತಿದ್ದವರೆಲ್ಲ ಒಮ್ಮೆ ತಿರುಗಿ ನೋಡಿದರು. ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಆಳಿನ ಹೆಣ ಹೊರುವುದು ಕುಟ್ಟದ ಕಡೆ ಕಂಡುಕೇಳಿದ್ದಲ್ಲ. ಅದೂ ಮಾರಿಯ ಹೆಣ. ಐದು ವರ್ಷ ಅವನೊಂದಿಗೆ ಮಾತು ಬಿಟ್ಟಿದ್ದವನು ಈಗ ಏದುಸಿರು ಬಿಡುತ್ತ ಗುಡ್ಡ ಹತ್ತುತ್ತಿದ್ದ. ಮಾರಿಯ ಕುಲದವರನ್ನು ಮಣ್ಣು ಮಾಡುವುದು ಅಲ್ಲಿ ಗೋಡೆಯಂತೆ ನಿಂತ ಬಂಡೆಯ ಬುಡದಲ್ಲಿ. ಬಂಡೆಯ ಮೇಲೆ ಕೆಂಪು ಚಿತ್ರಗಳು: ಬಿಲ್ಲು ಹಿಡಿದವರು, ಕೈಕೈ ಹಿಡಿದು ಕುಣಿಯುವವರು. ಅವರೆಲ್ಲ ತನ್ನ ಹಿರಿಯರು ಎನ್ನುತ್ತಿದ್ದ ಮಾರಿ.

*

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಕುಶಾಲಪ್ಪನೇ ಕಾಗದ ಬರೆದು, ಹಳೆಯ ಕಲ್ಲು ಶಾಸನ ನೋಡುವ ಸಾಹೇಬರೊಬ್ಬರನ್ನು ಕರೆಸಿದ್ದ. ಸುದ್ದಿ ಕೇಳಿದ ಮಾರಿ ಹಿಂದಿನ ದಿನವೇ ಗುಡ್ಡ ಹತ್ತಿ, ಕೆಮ್ಮಣ್ಣು ಕಲಸಿ, ಒಂದನ್ನೂ ಬಿಡದೆ ಎಲ್ಲ ಚಿತ್ರಗಳ ಮೇಲೂ ತಿದ್ದಿಬಿಟ್ಟ. ನೆಂಟರು ಬರುವಾಗ ಮನೆ ಸಾರಿಸಬೇಡವೇ? ಸಾಹೇಬರು ಒರೆಸಿ ನೋಡಿದರೆ ಬಣ್ಣ ಬೆರಳಿಗೆ ಬಂತು. ನಿನ್ನೆ ಬರೆದದ್ದನ್ನು ತೋರಿಸಲು ಇಷ್ಟು ದೂರ ಕರೆಸಿದಿರಾ ಎಂದು ನಕ್ಕು ಇಳಿದುಹೋದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅಂದಿನಿಂದ ಆಳುಗಳ ಲೈನುಮನೆಗಳಲ್ಲೆಲ್ಲ ಅವನು ‘ಸುಳ್ಳು ಮಾರಿ’. ಅವಮಾನದ ಸಿಟ್ಟಿನಲ್ಲಿ ಕುಶಾಲಪ್ಪ ಅವನ ಪರವಾಗಿ ಒಂದು ಮಾತೂ ಆಡಲಿಲ್ಲ. ಆಡಬೇಕಿತ್ತು.

*

ಗುಂಡಿ ಮುಚ್ಚಿದ ಮೇಲೆ ಕುಶಾಲಪ್ಪ ತಲೆಯೆತ್ತಿದ. ಐದು ಮಳೆಗಾಲಕ್ಕೆ ಮಾರಿಯ ಕೆಮ್ಮಣ್ಣು ಪೂರ್ತಿ ತೊಳೆದುಹೋಗಿತ್ತು. ಅದರಡಿಯ ಹಳೆಯ ಗೆರೆಗಳು ಕಲ್ಲಿನೊಳಕ್ಕೇ ಇಳಿದಿದ್ದವು. ಉಜ್ಜಿ ನೋಡಿದ, ಬೆರಳಿಗೆ ಏನೂ ಬರಲಿಲ್ಲ.

ಅಷ್ಟರಲ್ಲಿ ಮಾರಿಯ ಮಗಳು ಗಂಗೆ ಕರಟದಲ್ಲಿ ಕೆಮ್ಮಣ್ಣು ಕಲಸಿಕೊಂಡು ಬಂದಳು. ಕುಲದಲ್ಲಿ ಸಾವಾದರೆ ಹೊತ್ತು ಮುಳುಗುವ ಮೊದಲು ಹಿರಿಯರಿಗೆ ಬಣ್ಣ ಹಚ್ಚಬೇಕು; ಸತ್ತವನು ಆಗ ಅವರ ಮನೆ ಸೇರುತ್ತಾನೆ. ಮೂರೇ ಮನೆಯ ಕುಲ, ಐದು ವರ್ಷದಲ್ಲಿ ಇದೇ ಮೊದಲ ಸಾವು.

"ಒಂದು ವಾರ ತಡಿ ಗಂಗೆ," ಎಂದ ಕುಶಾಲಪ್ಪ. "ಸಾಹೇಬ್ರನ್ನ ಇನ್ನೊಂದ್ಸಲ ಕರೆಸ್ತೇನೆ. ಹೊಸ ಬಣ್ಣ ಬೀಳೋ ಮೊದ್ಲು ಇದನ್ನ ನೋಡಿದ್ರೆ ನಿಮ್ಮಪ್ಪ ಸುಳ್ಳು ಹೇಳ್ಲಿಲ್ಲಾಂತ ಎಲ್ಲರಿಗೂ ಗೊತ್ತಾಗ್ತದೆ."

ಅಪ್ಪನ ಹೆಸರಿಗಾಗಿ ಗಂಗೆ ಲೈನಿನಲ್ಲಿ ಎಷ್ಟು ಜಗಳ ಆಡಿದ್ದಳೋ. ಅವಳು ಗೆರೆಗಳನ್ನು ನೋಡಿದಳು, ಹಸಿ ಮಣ್ಣಿನ ದಿಬ್ಬವನ್ನೂ ನೋಡಿದಳು.

"ಸಾಹೇಬ್ರು ವಾರ ಬಿಟ್ಟು ಬರ್ತಾರೆ, ರೈಟ್ರೆ. ಅಪ್ಪ ಇವತ್ತೇ ಬರ್ತಾನೆ."

ಕೆಳಗಿನ ಸಾಲುಗಳನ್ನು ಅವಳೇ ಮುಗಿಸಿದಳು. ಮೇಲಿನ ಸಾಲು ಎಟುಕಲಿಲ್ಲ. ಕುಶಾಲಪ್ಪ ಅವಳ ಕೈಯಿಂದ ಕರಟ ಈಸಿಕೊಂಡು, ಬೆರಳು ಅದ್ದಿ, ಎಲ್ಲರಿಗಿಂತ ಮೇಲಿದ್ದ ಹಿರಿಯನ ಗೆರೆಯ ಮೇಲೆ, ಗೆರೆ ತಪ್ಪದಂತೆ, ಮೆಲ್ಲಗೆ ಎಳೆಯತೊಡಗಿದ.