ಚಿಕ್ಕಮ್ಮ ಬಚ್ಚಿಟ್ಟ ಡಬ್ಬಿ

"ಬಾಯಿ ಬಿಟ್ಟೆ ಅಂದ್ರೆ ನೋಡು," ಎಂದು ಚಿಕ್ಕಮ್ಮ ಆಸ್ಪತ್ರೆಯ ಬಾಗಿಲಲ್ಲೇ ನನ್ನ ಮಣಿಕಟ್ಟು ಹಿಂಡಿದಳು. "ಡಬ್ಬಿ ಇದೆ ಅಂತ ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ಗಡ್ಡೆನ ಮಡಿಲಲ್ಲಿಟ್ಟು ತೂಗ್ಲಾ?"

ಡಬ್ಬಿ ಎಂದರೆ ಪೇಸ್‌ಮೇಕರ್. ಎರಡು ವರ್ಷದ ಹಿಂದೆ ಎಡಗಡೆ ಕೊರಳೆಲುಬಿನ ಕೆಳಗೆ ಕೂರಿಸಿದ್ದು. ಅದಿಲ್ಲದಿದ್ದರೆ ಅವಳ ಹೃದಯ ನಡುನಡುವೆ ನಿಂತೇಬಿಡುತ್ತದೆ. ಅಡುಗೆಮನೆಯಲ್ಲಿ ಅವಳು ಬಿದ್ದದ್ದನ್ನು ಕಂಡವಳು ನಾನೇ. ಈಗ ಬಲ ಸ್ತನದಲ್ಲಿ ಕ್ಯಾನ್ಸರ್ ಗಡ್ಡೆ; ಅದಕ್ಕೆ ವಿಕಿರಣ ಚಿಕಿತ್ಸೆಗೆಂದು ಬಂದಿದ್ದೆವು. ಪೇಸ್‌ಮೇಕರ್ ಇದ್ದವರಿಗೆ ವಿಕಿರಣ ಚಿಕಿತ್ಸೆ ಕೊಡುವುದಿಲ್ಲವೆಂದು ಪಕ್ಕದ ಮನೆಯಾಕೆ ಹೇಳಿದ್ದೇ ತಡ, ಚಿಕ್ಕಮ್ಮ ಹಳೆಯ ಕಾಗದಗಳನ್ನೆಲ್ಲ ಹಾಸಿಗೆಯಡಿ ತುರುಕಿದ್ದಳು.

ಒಳಗೆ ನರ್ಸ್ ಫಾರಂ ತುಂಬುತ್ತಿದ್ದಳು. "ಹೃದಯದ ತೊಂದರೆ?"

"ನನ್ನ ಹೃದಯ ಬಂಡೆ ಕಣಮ್ಮ. ಇವಳನ್ನ ಸಾಕಿದೀನಲ್ಲ, ಇನ್ನೇನು ಸಾಕ್ಷಿ ಬೇಕು?"

ನರ್ಸ್ ನಕ್ಕು, ಇಲ್ಲವೆಂದು ಆ ಸಾಲಿನಲ್ಲಿ ಗೀಟು ಎಳೆದಳು.

ಬಸ್ಸು ನನ್ನ ನಿಲ್ದಾಣ ದಾಟಿದರೂ ನಿಲ್ಲಿಸಿ ಎನ್ನಲಾರದವಳು ನಾನು. "ಅಲ್ಲ," ಎಂದೆ. ಯಾರಿಗೂ ಕೇಳಿಸಲಿಲ್ಲ. ಎದ್ದು ನಿಂತೆ. "ಅವರಿಗೆ ಪೇಸ್‌ಮೇಕರ್ ಇದೆ. ಎಡಗಡೆ."

"ಮೂಗಿ ಥರ ಇದ್ದೋಳಿಗೆ ಇವತ್ತೇ ಬಾಯಿ ಬಂತಾ!"

ನರ್ಸ್ ಕರೆದ ಡಾಕ್ಟರ್ ಸ್ಟೂಲ್ ಎಳೆದು ಚಿಕ್ಕಮ್ಮನೆದುರು ಕೂತರು. "ಕಳಿಸಲ್ಲ ಅಮ್ಮಾ. ಪೇಸ್‌ಮೇಕರ್ ಇರೋರಿಗೂ ಕೊಡ್ತೀವಿ. ಗೊತ್ತಿಲ್ದೆ ಕೊಟ್ರೆ ಅದು ಕೆಡಬಹುದು. ಗೊತ್ತಿದ್ರೆ ಕಿರಣ ಅದರ ಮೇಲೆ ಬೀಳದ ಹಾಗೆ ನೋಡ್ಕೋತೀವಿ. ಮೊದಲು ಹೃದಯದ ಡಾಕ್ಟರು ಪರೀಕ್ಷೆ ಮಾಡ್ಲಿ. ಒಂದು ವಾರ ತಡ ಆಗುತ್ತೆ, ಅಷ್ಟೇ."

"ಒಂದು ವಾರ! ನೋಡಿದ್ಯಾ ನಿನ್ನ ಉಪಕಾರ?"

ಆ ವಾರವೆಲ್ಲ ಚಿಕ್ಕಮ್ಮ ಮಾತು ಬಿಟ್ಟಳು. ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಹೋಗುತ್ತಿದ್ದಳು. ನಾನು ಹಾಸಿಗೆ ಎತ್ತಿ, ಪೇಸ್‌ಮೇಕರಿನ ಕಾರ್ಡ್ ಹುಡುಕಿ, ಅದನ್ನು ಹಿಡಿದು ಅವಳನ್ನು ಹೃದಯದ ಡಾಕ್ಟರ ಬಳಿಗೆ ಕರೆದೊಯ್ದೆ.

ಚಿಕಿತ್ಸೆಯ ಮೊದಲ ದಿನ ಅವಳನ್ನು ಮೇಜಿನ ಮೇಲೆ ಮಲಗಿಸಿ, ಬೆರಳಿಗೆ ನಾಡಿ ನೋಡುವ ಕ್ಲಿಪ್ ಹಾಕಿದರು. "ಬೇರೇನಾದ್ರೂ ಹೇಳೋದಿದ್ಯಾ ಅಮ್ಮಾ?" ಎಂದ ಟೆಕ್ನಿಷಿಯನ್.

"ಅವಳನ್ನೇ ಕೇಳಿ. ನಮ್ಮನೆ ರೇಡಿಯೋ ಅವಳು."

ಅವನು ನನ್ನ ಕಡೆ ತಿರುಗಿದ.

"ನಿನ್ನೆ ಬೆಳಿಗ್ಗೆ ತಲೆ ಸುತ್ತಿತ್ತು ಅವರಿಗೆ," ಎಂದೆ. "ಗೋಡೆ ಹಿಡ್ಕೊಂಡ್ರು. ಅದನ್ನೂ ಬರ್ಕೊಳ್ಳಿ."

ಚಿಕ್ಕಮ್ಮ ಹಲ್ಲು ಕಡಿದಳು. ಅವನು ಡಾಕ್ಟರನ್ನು ಕರೆಸಿದ. ಅವರು ರಕ್ತದೊತ್ತಡ, ನಾಡಿ, ಪೇಸ್‌ಮೇಕರ್ ಎಲ್ಲವನ್ನೂ ಮತ್ತೊಮ್ಮೆ ನೋಡಿಸಿ, ಆಗಬಹುದು ಎಂದ ಮೇಲೆಯೇ ದಪ್ಪ ಬಾಗಿಲು ಮುಚ್ಚಿತು. ಹೊರಗೆ ನಾನು ನಿಂತಲ್ಲಿದ್ದ ಪರದೆ ಅವಳ ನಾಡಿ ಅರವತ್ತೆಂದು ತೋರಿಸುತ್ತಿತ್ತು. ಯಂತ್ರ ನಿಲ್ಲುವವರೆಗೆ ನಾನು ಕೂರಲಿಲ್ಲ.