ನೋವು ಗೊತ್ತಾಗದ ಬೆರಳು

ಬಿಳಿ ಕೋಟಿನ ಎದೆಭಾಗದಲ್ಲಿ ಕೆಂಪು ಚುಕ್ಕೆ ಕಂಡದ್ದು ಇಸ್ತ್ರಿಯಣ್ಣನಿಗೆ. ಕೋಟು ಹೊಲಿಯುವ ಆ ಅಂಗಡಿಯಲ್ಲಿ ಪ್ರತಿ ಬಟ್ಟೆಯೂ ಕೊನೆಗೆ ಬಂದು ಬೀಳುವುದು ಅವನ ಮೇಜಿನ ಮೇಲೆಯೇ. ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಕೋಟನ್ನು ಬಾವುಟದ ಹಾಗೆ ಎತ್ತಿ ಹಿಡಿದ.

"ಯಾವ ಪುಣ್ಯಾತ್ಮರದ್ದಪ್ಪಾ ಈ ರಕ್ತ? ಇದು ಬ್ಯಾಂಡ್ ಬಾರಿಸೋರ ಕೋಟು. ಯುದ್ಧಕ್ಕೆ ಹೋಗೋರದ್ದಲ್ಲ!"

ಮೆಷಿನ್‌ಗಳು ಒಂದೊಂದಾಗಿ ನಿಂತವು. ಎಲ್ಲರೂ ತಮ್ಮ ತಮ್ಮ ಬೆರಳು ನೋಡಿಕೊಂಡರು. ಕಿಟಕಿಯ ಕೆಳಗೆ ಕೂತು ಕಾಜಾ ಹಾಕುತ್ತಿದ್ದ ಹೆಂಗಸು ಮಾತ್ರ ತಲೆ ಎತ್ತಲಿಲ್ಲ. ಗುಂಡಿ ತೂರಿಸುವ ಸೀಳಿನ ಅಂಚಿಗೆ ದಾರ ಸುತ್ತಿ ಭದ್ರ ಮಾಡುವ ಕೆಲಸವೇ ಕಾಜಾ. ವರ್ಷಗಟ್ಟಲೆ ಅದನ್ನೇ ಮಾಡಿಕೊಂಡು ಬಂದದ್ದರಿಂದ ಆಕೆಗೆ ಕಾಜಾ ಅಕ್ಕ ಎಂದೇ ಹೆಸರು ನಿಂತುಹೋಗಿತ್ತು.

"ಅಕ್ಕಾ, ಎಲ್ಲಿ, ನಿಮ್ಮ ಎಡಗೈ ತೋರ್ಸಿ."

ತೋರುಬೆರಳ ತುದಿಯಲ್ಲಿ ಸೂಜಿ ಹೊಕ್ಕ ಗುರುತಿತ್ತು. ರಕ್ತ ಅಲ್ಲೇ ಒಣಗಿತ್ತು. ಕಾಜಾ ಅಕ್ಕ ಅದನ್ನು ಪಕ್ಕದ ಮನೆಯವರ ಬೆರಳು ನೋಡಿದ ಹಾಗೆ ನೋಡಿದಳು.

"ಅರೆ! ನನಗೆ ಗೊತ್ತೇ ಆಗಲಿಲ್ವಲ್ಲ!"

"ಗೊತ್ತಾಗೋಕೆ ಅದೇನು ಬೆರಳಾ? ಚಪ್ಪಲಿ ಚರ್ಮ!" ಎಂದ ಇಸ್ತ್ರಿಯಣ್ಣ. ಅಂಗಡಿ ಗೊಳ್ಳೆಂದು ನಕ್ಕಿತು.

ಕತ್ತರಿಸುವ ಮೇಜಿನ ಹಿಂದಿದ್ದ ಮಾಸ್ಟರು ಮಾತ್ರ ಹೆಮ್ಮೆಯಿಂದ ತಲೆಯಾಡಿಸಿದರು. ಅವರ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಕೆಲಸಕ್ಕೆ ಸೇರಿದವರು ಬೆರಳಿಗೆ ಲೋಹದ ಟೋಪಿ ಹಾಕಿಕೊಂಡೇ ಸೂಜಿ ಹಿಡಿಯಬೇಕು. ಸೂಜಿ ಚುಚ್ಚಿದರೂ ನೋವಾಗದಷ್ಟು ಬೆರಳು ಗಟ್ಟಿಯಾದ ದಿನ ಮಾಸ್ಟರು ಆ ಟೋಪಿಯನ್ನು ಕಳಚಿಸಿ, ಗೋಡೆಯ ಮೊಳೆಗೆ ನೇತುಹಾಕಿ, ಎಲ್ಲರಿಗೂ ಟೀ ಕೊಡಿಸುತ್ತಿದ್ದರು. ಟೋಪಿ ಗೋಡೆಗೆ ಏರಿತು ಅಂದರೆ ಕೈ ಪಳಗಿತು ಅಂತ ಲೆಕ್ಕ. ಕಾಜಾ ಅಕ್ಕನ ಟೋಪಿ ಬಹಳ ಕಾಲ ಗೋಡೆ ಏರಿರಲಿಲ್ಲ. ಆಕೆಯ ಬೆರಳು ಹಾಳು ಮೆತ್ತಗೆ. ಕಳೆದ ವರ್ಷ ಇದ್ದಕ್ಕಿದ್ದಂತೆ ನೋವು ನಿಂತಿತು, ಟೋಪಿಯೂ ಏರಿತು. ಆ ದಿನದ ಟೀ ಬಗ್ಗೆ ಆಕೆ ಮನೆಯಲ್ಲಿ ವಾರಗಟ್ಟಲೆ ಕೊರೆದಿದ್ದಳು.

ಅದಾದ ಮೇಲೆ ಗುಂಡುಸೂಜಿ ಎತ್ತಿಕೊಳ್ಳುವುದು ಕಷ್ಟವಾಗತೊಡಗಿದ್ದನ್ನು, ಸಂಜೆಯ ಹೊತ್ತಿಗೆ ಪಾದಗಳಲ್ಲಿ ಇರುವೆ ಹರಿದ ಹಾಗೆ ಆಗುವುದನ್ನು ಆಕೆ ಯಾರಿಗೂ ಹೇಳಲಿಲ್ಲ. ಇಡೀ ದಿನ ಕೂತು ಮಾಡುವ ಕೆಲಸ, ಕಾಲು ಜೋಮು ಹಿಡಿಯದೆ ಇನ್ನೇನು!

ಆ ಸಂಜೆ ಮನೆಗೆ ಬಂದಾಗ ನಾದಿನಿ ಬಂದು ಕೂತಿದ್ದಳು. ಖಾಸಗಿ ಆಸ್ಪತ್ರೆಯೊಂದರಲ್ಲಿ ವಿಮೆಯ ಕೌಂಟರಿನಲ್ಲಿ ಅವಳಿಗೆ ಕೆಲಸ. ದಿನವಿಡೀ ಜನರ ಕೂಗಾಟ ಕೇಳಿಸಿಕೊಳ್ಳುವವಳಾದ್ದರಿಂದ ಮನೆಯಲ್ಲಿ ತಾನೇ ಕೂಗುತ್ತಿದ್ದಳು. ಬಾಗಿಲ ಕಡೆ ನೋಡಿದವಳೇ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಅತ್ತಿಗೆ, ನಿಮ್ಮ ಇನ್ನೊಂದು ಚಪ್ಪಲಿ ಎಲ್ಲಿ?"

ಕಾಜಾ ಅಕ್ಕ ಕೆಳಗೆ ನೋಡಿದಳು. ಬಲಗಾಲಿನಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿದಾಗಿತ್ತು, ಮಣ್ಣಾಗಿತ್ತು, ಹಿಮ್ಮಡಿಯ ಹತ್ತಿರ ತರಚಿತ್ತು.

"ಅಯ್ಯೋ ಶಿವನೇ! ಎಲ್ಲಿ ಬಿತ್ತೋ!"

"ಬಿದ್ದದ್ದು ಗೊತ್ತಾಗಲಿಲ್ವಾ?"

"ಯೋಚನೆಯಲ್ಲಿ ಬಂದೆ ಕಣೇ. ಕೋಟಿಗೆ ರಕ್ತ ಆಗಿ..." ಎಂದು ಅಂಗಡಿಯ ಕಥೆಯನ್ನೆಲ್ಲಾ ಹೇಳಿದಳು. ಹೇಳುತ್ತ ಹೇಳುತ್ತ ಹೆಮ್ಮೆಯೂ ಸೇರಿಕೊಂಡಿತು. "ಮಾಸ್ಟರು ಹೇಳೋದು ನಿಜ ನೋಡು. ಪಳಗಿದ ಕೈ ಅಂದ್ರೆ ಅದು. ಸೂಜಿ ಹೊಕ್ಕರೂ ಗೊತ್ತಾಗಲ್ಲ."

ನಾದಿನಿ ಅವಳ ಮುಖವನ್ನೇ ನೋಡಿದಳು. "ಕೈ ಪಳಗಿತು, ಸರಿ. ಕಾಲಲ್ಲೂ ಕಾಜಾ ಹಾಕ್ತೀರಾ ಅತ್ತಿಗೆ?"

ಕಾಜಾ ಅಕ್ಕ ಬರಿಗಾಲನ್ನು ಸೀರೆಯ ಅಂಚಿನ ಕೆಳಗೆ ಎಳೆದುಕೊಂಡಳು.

ಮೂಲೆಯಲ್ಲಿ ಟಿವಿ ನೋಡುತ್ತಿದ್ದ ಗಂಡ ಈಗ ಇತ್ತ ತಿರುಗಿದ. ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಮೊಂಡು. "ಸುಸ್ತು ಕಣೆ ಅವಳಿಗೆ. ನಾನೇ ಹೋಗಿ ವಿಟಮಿನ್ ಟಾನಿಕ್ ತಂದಿದ್ದೀನಿ. ಬಾಟಲಿ ಮೇಲೆ ಎಲ್ಲಾ ವಿಟಮಿನ್ ಹೆಸರೂ ಬರೆದಿದೆ."

"ಯಾವುದು ಕಡಿಮೆ ಆಗಿದೆ ಅಂತ ಗೊತ್ತಾ ಅಣ್ಣ?"

"ಯಾವುದೋ ಒಂದು. ಎಲ್ಲಾ ಹೊಯ್ದರೆ ಒಂದಾದ್ರೂ ತಾಗುತ್ತೆ."

"ಲಿಫ್ಟ್ ನಿಂತಾಗಲೂ ಹೀಗೇ ಮಾಡ್ತೀಯಾ? ಎಲ್ಲಾ ಕಡೆ ಎಣ್ಣೆ ಹೊಯ್ದು ಬಂದುಬಿಡ್ತೀಯಾ?"

ಗಂಡ ಟಿವಿಯ ಸದ್ದು ಕಡಿಮೆ ಮಾಡಿದ. ನಾದಿನಿ ಬಿಡಲಿಲ್ಲ. "ಮರಗಟ್ಟೋದಕ್ಕೆ ಸಕ್ಕರೆ ಕಾಯಿಲೆ ಕಾರಣ ಇರಬಹುದು. ಬಿ ಹನ್ನೆರಡು ಅನ್ನೋ ವಿಟಮಿನ್ ಕಡಿಮೆ ಆದ್ರೂ ಹೀಗಾಗುತ್ತೆ. ಇನ್ನೇನೋ ಇರಬಹುದು. ನಾನು ಡಾಕ್ಟರಲ್ಲ, ನೀನೂ ಅಲ್ಲ, ಟಾನಿಕ್ ಅಂಗಡಿಯವನೂ ಅಲ್ಲ. ನರ ಕೆಟ್ಟು ಬಹಳ ದಿನ ಆದ್ರೆ ವಾಪಸ್ ಬರಲ್ಲ ಅಣ್ಣ. ಅತ್ತಿಗೆ ಕೈಕೆಲಸದಿಂದಲೇ ಹೊಟ್ಟೆ ಹೊರೆಯೋರು."

"ತೋರಿಸೋಣ. ಆದ್ರೆ ರಕ್ತಪರೀಕ್ಷೆ ಅಂತ ಶುರು ಮಾಡಿದ್ರೆ ಖರ್ಚು..."

"ವಿಮೆ ಮಾಡ್ಸಿದ್ದೀಯಲ್ಲ, ಅದೇನಾಯ್ತು?"

"ಅದು ದೊಡ್ಡ ಕಾಯಿಲೆಗೆ! ಆಸ್ಪತ್ರೆಯಲ್ಲಿ ಮಲಗಿದ್ರೆ ಮಾತ್ರ ಕೊಡೋದು. ಸಣ್ಣಪುಟ್ಟದಕ್ಕೆ ಮುಟ್ಟಿದ್ರೆ ಪಾಲಿಸಿ ಕೆಡುತ್ತೆ."

"ಇದು ಉಪ್ಪಿನಕಾಯಾ, ಮುಟ್ಟಿದ್ರೆ ಕೆಡೋಕೆ? ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ."

"ಎಲ್ಲರ ಪಾಲಿಸಿಯೂ ಒಂದೇ ಅಲ್ಲ. ಕೆಲವು ಮಲಗಿದ್ರೆ ಮಾತ್ರ ಕೊಡ್ತವೆ, ನಿಜ. ಕೆಲವು ಹಾಗಲ್ಲ. ನಿಂದು ಯಾವುದು ಅಂತ ಕೇಳಿದ್ದೀಯಾ? ಫೋನ್ ತಗೋ."

ವಿಮೆ ಕಂಪನಿಯ ಕಾರ್ಡು ಬೀರುವಿನಲ್ಲಿ, ಇನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇತ್ತು. ಅದರ ಹಿಂದಿದ್ದ ನಂಬರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನಡುವೆ ಇಟ್ಟರು. ಬಹಳ ಹೊತ್ತು ಸಂಗೀತ ಕೇಳಿಸಿತು. ಆಮೇಲೆ ಹುಡುಗಿಯೊಬ್ಬಳ ದನಿ.

ಅವರ ಪಾಲಿಸಿಯಲ್ಲಿ ಹೊರರೋಗಿ ಸೌಲಭ್ಯ ಸೇರಿತ್ತು.

"ಹೊರರೋಗಿ ಅಂದ್ರೆ ಏನಮ್ಮಾ?" ಎಂದು ಕೇಳಿದ ಗಂಡ.

"ಆಸ್ಪತ್ರೆಯಲ್ಲಿ ಮಲಗದೆ, ತೋರಿಸಿಕೊಂಡು ಮನೆಗೆ ಹೋಗೋರು ಸರ್. ವರ್ಷಕ್ಕೆ ಇಷ್ಟು ಅಂತ ಮಿತಿ ಇದೆ. ಡಾಕ್ಟರ ಫೀಸು, ಅವರು ಬರೆದುಕೊಟ್ಟ ಪರೀಕ್ಷೆ, ಔಷಧಿ ಅದರಲ್ಲಿ ಬರುತ್ತೆ. ನಮ್ಮ ಪಟ್ಟಿಯಲ್ಲಿರೋ ಲ್ಯಾಬಿಗೆ ಹೋದ್ರೆ ನೀವು ಕೈಯಿಂದ ದುಡ್ಡು ಹಾಕಬೇಕಾಗಿಲ್ಲ."

"ವರ್ಷಕ್ಕೊಂದು ಸಲ ಪುಕ್ಕಟೆ ತಪಾಸಣೆ ಅಂತ ಏಜೆಂಟರು ಹೇಳಿದ್ರು. ಅದರಲ್ಲೇ ಎಲ್ಲಾ ನೋಡ್ತಾರಲ್ವಾ?"

"ಅದರಲ್ಲಿ ಸಕ್ಕರೆ, ರಕ್ತದ ಪ್ರಮಾಣ ನೋಡ್ತಾರೆ ಸರ್. ವಿಟಮಿನ್ ಪರೀಕ್ಷೆ ನಿಮ್ಮ ಪ್ಯಾಕೇಜಿನಲ್ಲಿ ಇಲ್ಲ. ಡಾಕ್ಟರು ಕಾರಣ ಹಾಕಿ ಬರೆದುಕೊಟ್ಟರೆ ಹೊರರೋಗಿ ಸೌಲಭ್ಯದಲ್ಲಿ ಸಿಗುತ್ತೆ. ಚೀಟಿ ಇಲ್ಲದೆ ನೀವೇ ಹೋಗಿ ಮಾಡಿಸಿಕೊಂಡರೆ ಸಿಗಲ್ಲ."

ಗಂಡ ಕೆಮ್ಮಿ, ನಿಜವಾದ ಹೆದರಿಕೆಯನ್ನು ಈಗ ಹೊರಗೆ ತೆಗೆದ. "ಕಾಯಿಲೆ ಏನಾದ್ರೂ ಸಿಕ್ಕಿದ್ರೆ ನಮ್ಮ ಪಾಲಿಸಿ ನಿಲ್ಲಿಸ್ತೀರಾ?"

"ಇಲ್ಲ ಸರ್. ಪರೀಕ್ಷೆ ಮಾಡಿಸಿದ್ರು ಅಂತ ನಿಮ್ಮ ಪಾಲಿಸಿ ನಿಲ್ಲಲ್ಲ. ಆದರೆ ಇರೋ ಕಾಯಿಲೆ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಮಾತ್ರ ತೊಂದರೆ."

ಫೋನ್ ಇಟ್ಟ ಮೇಲೆ ಗಂಡ, "ಒಳ್ಳೆ ಹುಡುಗಿ," ಎಂದಷ್ಟೇ ಹೇಳಿದ.

ಮಾರನೆಯ ದಿನ ಗಂಡಹೆಂಡತಿ ಆಸ್ಪತ್ರೆಗೆ ಹೋದರು. ಅಲ್ಲಿಯ ಡಾಕ್ಟರಮ್ಮ ಕಾಜಾ ಅಕ್ಕನನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಕವೆಯಂಥ ಒಂದು ಉಕ್ಕಿನ ಉಪಕರಣವನ್ನು ಬಡಿದು, ಅದು ಗುಂಯ್ ಎನ್ನುತ್ತಿರುವಾಗ ಮೊಣಕಾಲಿಗೆ ಇಟ್ಟರು.

"ಅದುರೋದು ಗೊತ್ತಾಗುತ್ತಾ?"

"ಹೂಂ, ಆಗುತ್ತೆ."

ಆಮೇಲೆ ಕಾಲಿನ ಹೆಬ್ಬೆರಳಿಗೆ ಇಟ್ಟರು. "ಈಗ?"

ಕಾಜಾ ಅಕ್ಕನಿಗೆ ಏನೂ ಗೊತ್ತಾಗಲಿಲ್ಲ. ಪರೀಕ್ಷೆಯಲ್ಲಿ ಫೇಲಾಗುವುದು ಬೇಡವೆಂದು, "ಹೂಂ, ಆಗ್ತಿದೆ," ಎಂದಳು.

"ಅದುರೋದು ನಿಂತಾಗ ಹೇಳಿ."

ಆಕೆ ಸುಮ್ಮನೆ ಕಾದಳು. ಒಂದು ಅಂದಾಜಿನಲ್ಲಿ, "ಈಗ," ಎಂದಳು. ಗೋಡೆಗೆ ಒರಗಿದ್ದ ಗಂಡ ಮೇಜಿನ ಕಡೆ ಕಣ್ಣು ಹಾಯಿಸಿದ. ಡಾಕ್ಟರಮ್ಮ ಆ ಉಪಕರಣವನ್ನು ಯಾವಾಗಲೋ ಮೇಜಿನ ಮೇಲೆ ಇಟ್ಟಾಗಿತ್ತು.

"ಸುಳ್ಳು ಹೇಳಿದರೆ ನನಗೆ ಮಾರ್ಕು ಕಡಿಮೆಯಾಗುತ್ತೆ, ನಿಮಗಲ್ಲ," ಎಂದು ಅವರು ನಕ್ಕರು. ಬಳಿಕ ಒಂದು ಗುಂಡಿ, ಒಂದು ನಾಣ್ಯ, ಒಂದು ಕೀ ಒಂದೊಂದಾಗಿ ಕೈಗೆ ಕೊಟ್ಟು, ಕಣ್ಣು ಮುಚ್ಚಿಯೇ ಇದೇನು ಹೇಳಿ ಎಂದರು. ಕಾಜಾ ಅಕ್ಕ ಕೀ ಒಂದನ್ನು ಸರಿ ಹೇಳಿದಳು. ಗುಂಡಿಯನ್ನು ನಾಣ್ಯ ಎಂದಳು. ಕಣ್ಣು ಬಿಟ್ಟು ಅಂಗೈ ನೋಡಿಕೊಂಡಳು. ದಿನವೂ ಗುಂಡಿಗಳ ನಡುವೆ ಕೂರುವ ಕೈ ಅದು. ಇಷ್ಟು ದಿನ ಹೊಲಿದದ್ದು ಬೆರಳಲ್ಲ, ಕಣ್ಣು.

"ಕೈ ಹೋಯ್ತಾ ಡಾಕ್ಟ್ರೇ?" ಎಂದು ಕೇಳಿದಳು.

"ಗೊತ್ತಿಲ್ಲ. ಮೊದಲು ಕಾರಣ ಹುಡುಕೋಣ. ಊಟ ಹೇಗೆ?"

"ಬೆಳಿಗ್ಗೆ ಟೀ, ಬ್ರೆಡ್ಡು. ಮಧ್ಯಾಹ್ನ ಕೆಲಸ ಜಾಸ್ತಿ ಇದ್ರೆ ಅದೇ."

"ದಿನವೂ ತಗೊಳ್ಳೋ ಮಾತ್ರೆ ಏನಾದ್ರೂ ಇದೆಯಾ?"

"ಇಲ್ಲ."

"ಗ್ಯಾಸಿನ ಮಾತ್ರೆ?" ಎಂದ ಗಂಡ.

"ಅದೂ ಒಂದು ಮಾತ್ರೇನಾ?" ಎಂದಳು ಕಾಜಾ ಅಕ್ಕ. "ಅದು ವರ್ಷಗಟ್ಟಲೆಯಿಂದ ತಗೋತೀನಿ. ಅಂಗಡಿಯಲ್ಲಿ ಸುಮ್ಮನೆ ಕೊಡ್ತಾರಲ್ಲ!"

ಡಾಕ್ಟರಮ್ಮ ಪೆನ್ನು ತೆಗೆದುಕೊಂಡರು. ಏನೇನು ತೊಂದರೆ, ಯಾಕೆ ಪರೀಕ್ಷೆ ಎಂದು ಚೀಟಿಯಲ್ಲಿ ಬಿಡಿಸಿ ಬರೆದರು.

ವರದಿ ಬಂತು. ಸಕ್ಕರೆ ಸರಿ ಇತ್ತು. ಬಿ ಹನ್ನೆರಡು ಬಹಳ ಕೆಳಗೆ ಇಳಿದಿತ್ತು, ರಕ್ತವೂ ಕಡಿಮೆಯಿತ್ತು. ಡಾಕ್ಟರಮ್ಮ ಗಂಡನ ಕಡೆ ತಿರುಗಿ, ವೈರಿನ ಮೇಲೆ ರಬ್ಬರ್ ಇರುವ ಹಾಗೆ ನರದ ಮೇಲೂ ಒಂದು ಹೊದಿಕೆ ಇರುತ್ತದೆ, ಈ ವಿಟಮಿನ್ ಇಲ್ಲದಿದ್ದರೆ ಅದು ಸವೆಯುತ್ತದೆ ಎಂದರು. ಹಾಲು, ಮೊಟ್ಟೆ, ಮೀನು, ಮಾಂಸ ಇಂಥವುಗಳಲ್ಲಿ ಅದು ಸಿಗುವುದು. ಕಾಜಾ ಅಕ್ಕನ ತಟ್ಟೆಯಲ್ಲಿ ಅವು ಬಲು ಅಪರೂಪ. ಇದ್ದ ಚೂರುಪಾರನ್ನೂ ದೇಹ ಹೀರಿಕೊಳ್ಳದ ಹಾಗೆ ಮಾಡುವುದರಲ್ಲಿ ವರ್ಷಗಟ್ಟಲೆಯ ಗ್ಯಾಸಿನ ಮಾತ್ರೆಯ ಪಾಲೂ ಇರಬಹುದು. ವೈರು ಅಂದಾಕ್ಷಣ ಗಂಡನಿಗೆ ಎಲ್ಲಾ ಅರ್ಥವಾಯಿತು. ಮುಖದ ಬಣ್ಣವೂ ಇಳಿಯಿತು.

"ಇಂಜೆಕ್ಷನ್ ಶುರು ಮಾಡೋಣ. ಗ್ಯಾಸಿನ ಮಾತ್ರೆ ಬೇಕೋ ಬೇಡವೋ ನಾನು ನೋಡ್ತೀನಿ, ನೀವೇ ನಿಲ್ಲಿಸಬೇಡಿ. ಹೋದದ್ದೆಲ್ಲಾ ವಾಪಸ್ ಬರುತ್ತೆ ಅಂತ ಮಾತು ಕೊಡೋಕಾಗಲ್ಲ. ಇನ್ನೂ ತಡ ಮಾಡಿದ್ದರೆ ಇಷ್ಟು ಆಸೆಯೂ ಇರ್ತಿರಲಿಲ್ಲ."

ಪರೀಕ್ಷೆಗಳ ದುಡ್ಡನ್ನು ವಿಮೆ ಕಂಪನಿ ನೇರವಾಗಿ ಲ್ಯಾಬಿಗೇ ಕಟ್ಟಿತು. ಡಾಕ್ಟರ ಫೀಸು, ಇಂಜೆಕ್ಷನ್ನಿನ ದುಡ್ಡು ಬಿಲ್ಲು ಕಳಿಸಿದ ಮೇಲೆ ಕೈಗೆ ಬಂತು. ಗಂಡ ಜತೆಗೆ ತೂರಿಸಿ ಕಳಿಸಿದ್ದ ಟಾನಿಕ್ಕಿನ ಬಿಲ್ಲು ಮಾತ್ರ ಹಾಗೇ ವಾಪಸ್ಸಾಯಿತು. "ಡಾಕ್ಟರು ಬರೆದದ್ದಲ್ಲವಂತೆ," ಎಂದು ಅವನು ಗೊಣಗಿದ. "ಎಷ್ಟು ಸೂಕ್ಷ್ಮ ನೋಡ್ತಾರೆ!"

"ನಿನ್ನ ಟಾನಿಕ್ ನೀನೇ ಕುಡಿ ಅಣ್ಣ," ಎಂದಳು ನಾದಿನಿ.

ಬೆರಳಿಗೆ ಸ್ಪರ್ಶ ಒಂದೇ ಸಲ ಮರಳಲಿಲ್ಲ. ಮೊದಮೊದಲು ಜುಮ್ಮೆನ್ನುವುದು ಹೆಚ್ಚೇ ಆಯಿತು. ಕಾಜಾ ಅಕ್ಕ ಹೆದರಿ ಫೋನ್ ಮಾಡಿದಳು. ನರ ಎಚ್ಚರವಾಗುವಾಗ ಹಾಗಾಗುವುದುಂಟು, ಆದರೂ ಬಂದು ತೋರಿಸಿ ಹೋಗಿ ಎಂದರು ಡಾಕ್ಟರಮ್ಮ. ಅಂಗಡಿಯಲ್ಲಿ ಆಕೆ ಸದ್ಯಕ್ಕೆ ದೊಡ್ಡ ಗುಂಡಿ ಹೊಲಿಯುವ ಕೆಲಸಕ್ಕೆ ಕೂತಳು. ಪಳಗಿದ ಕೈಗಳೆಲ್ಲಾ ಕಣ್ಣು ಮುಚ್ಚಿ ಗುಂಡಿ ಗುರುತಿಸಬೇಕೆಂದು ಮಧ್ಯಾಹ್ನದ ಬಿಡುವಿನಲ್ಲಿ ಪಂದ್ಯ ಇಟ್ಟಳು. ಗಟ್ಟಿಯಾದ ಬೆರಳಿನವರೂ ತಡಕಿ ತಡಕಿ ಸರಿ ಹೇಳಿದರು. ಮಾಸ್ಟರು ಎರಡು ಸಲ ತಪ್ಪಿದರು. ಯಾರೂ ನಗಲಿಲ್ಲ. ಮಾರನೆಯ ದಿನ ಅವರು ಅಂಗಡಿಗೆ ತಡವಾಗಿ ಬಂದರು, ಪರೀಕ್ಷೆಗೆ ರಕ್ತ ಕೊಟ್ಟ ತೋಳಿನ ಮಡಿಕೆಯಲ್ಲಿ ಹತ್ತಿ ಅಂಟಿಸಿಕೊಂಡು.

ಕೆಲವು ತಿಂಗಳ ಬಳಿಕ ಒಂದು ಸಂಜೆ ಗಂಡಹೆಂಡತಿ ತಪಾಸಣೆ ಮುಗಿಸಿ ಬರುತ್ತಿದ್ದರು. ಕಾಲಿನ ಕೊನೆಯ ಎರಡು ಬೆರಳು ಇನ್ನೂ ಮಂಕಾಗಿದ್ದವು. ಅವು ಹಾಗೇ ಉಳಿಯಬಹುದು ಎಂದಿದ್ದರು ಡಾಕ್ಟರಮ್ಮ. ರಸ್ತೆ ದಾಟುವಾಗ ಗಂಡ ಕೈ ಹಿಡಿದುಕೊಂಡ. ನಡುರಸ್ತೆಯಲ್ಲಿ ಕಾಜಾ ಅಕ್ಕ ನಿಂತುಬಿಟ್ಟಳು.

"ಏನ್ರೀ, ನಿಮ್ಮ ಕೈ ಇಷ್ಟೊಂದು ಒರಟಾ?"

"ಮೊದಲಿಂದ್ಲೂ ಹೀಗೇ ಇದೆಯಲ್ಲೇ!"

"ಹೌದಾ!" ಎಂದಳು ಆಕೆ. ದಾರಿ ಸಿಗದೆ ನಿಂತ ಗಾಡಿಯವನು ಹಾರ್ನ್ ಹೊಡೆದ. ಆಕೆ ಕೈ ಬಿಡಲಿಲ್ಲ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಕೈಕಾಲು ಆಗಾಗ ಜುಮ್ಮೆನ್ನುತ್ತಿದ್ದರೆ, ಸುಸ್ತು ಬಿಡದೆ ಹಿಡಿದಿದ್ದರೆ, ನಾಲಿಗೆ ಉರಿಯುತ್ತಿದ್ದರೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ ಅದಕ್ಕೆ ವಯಸ್ಸು, ಕೆಲಸ ಎಂದು ನೀವೇ ಹೆಸರಿಡಬೇಡಿ. ಕಬ್ಬಿಣದಂಥ ಖನಿಜ, ಬಿ ಹನ್ನೆರಡರಂಥ ವಿಟಮಿನ್ ಕಡಿಮೆಯಾದರೆ ದೇಹ ಮೊದಲು ಮೆಲ್ಲಗೇ ಹೇಳುತ್ತದೆ. ಅಂದಾಜಿಗೆ ಟಾನಿಕ್ ಕುಡಿಯಬೇಡಿ, ಡಾಕ್ಟರಿಗೆ ತೋರಿಸಿ, ನುಂಗುವ ಮಾತ್ರೆಗಳನ್ನೆಲ್ಲಾ ಒಂದೂ ಬಿಡದೆ ಹೇಳಿ. ಖಾಸಗಿ ವಿಮೆ ಇದ್ದರೆ ಇವತ್ತೇ ಕಾರ್ಡು ಹುಡುಕಿ ಫೋನ್ ಮಾಡಿ: ಮಲಗದೆ ತೋರಿಸಿಕೊಂಡರೆ ಸಿಗುತ್ತದೆಯೇ, ಯಾವ ಪರೀಕ್ಷೆಗೆ ಸಿಗುತ್ತದೆ, ಯಾವ ಲ್ಯಾಬಿಗೆ ಹೋಗಬೇಕು, ಮಿತಿ ಎಷ್ಟು, ಪಾಲಿಸಿ ಮಾಡಿಸಿದ ಮೇಲೆ ಕಾಯಬೇಕಾದ ಅವಧಿ ಇದೆಯೇ ಎಂದು ಕೇಳಿ. ಸಿಗುವುದಿಲ್ಲ ಎಂದರೂ, ವಿಮೆಯೇ ಇಲ್ಲದಿದ್ದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸಿ. ಕಂತು ಕಟ್ಟುವುದು ನೀವು, ಕೇಳುವ ಹಕ್ಕೂ ನಿಮ್ಮದೇ. ನರ ಮಾತ್ರ ನಿಮಗಾಗಿ ಕಾಯುತ್ತ ಕೂರುವುದಿಲ್ಲ.